ಗೋರ್ನರ್‌ಗ್ರಾಟ್ ರೈಲು: ಕಲಬುರಗಿಯಿಂದ ಹೊರಡುವವರಿಗೆ

ಬೇಸಿಗೆ ರಜೆಯಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಲಿರುವ ನಮ್ಮ ಕಲಬುರಗಿಯ ಕುಟುಂಬಗಳು ಆಲ್ಪ್ಸ್‌ನಲ್ಲಿ ಒಂದೇ ಒಂದು ಪರ್ವತ ರೈಲನ್ನು ಹತ್ತುವುದಾದರೆ, ಜೆರ್ಮಾಟ್‌ನ ಗೋರ್ನರ್‌ಗ್ರಾಟ್ ರೈಲನ್ನೇ ಹತ್ತಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಯುಂಗ್‌ಫ್ರೌ ರೈಲು 3,454 ಮೀಟರ್ ಎತ್ತರಕ್ಕೆ ಹೋಗುತ್ತದೆ, ಹೆಸರೂ ಅದಕ್ಕೇ ಹೆಚ್ಚು. ಆದರೆ ಅದರ ದಾರಿಯ ಬಹುಪಾಲು ಸುರಂಗದೊಳಗೆ ಕಳೆಯುತ್ತದೆ. 1898ರಲ್ಲಿ ಆರಂಭವಾದ ಗೋರ್ನರ್‌ಗ್ರಾಟ್ ರೈಲು ಸುಮಾರು 1,600 ಮೀಟರ್ ಎತ್ತರದ ಜೆರ್ಮಾಟ್‌ನಿಂದ ಹೆಚ್ಚುಕಡಿಮೆ ಬಯಲಲ್ಲೇ ಏರುತ್ತ, ಅರ್ಧ ಗಂಟೆಗಿಂತ ತುಸು ಹೆಚ್ಚಿನ ಅವಧಿಯಲ್ಲಿ 3,089 ಮೀಟರ್ ಮುಟ್ಟುತ್ತದೆ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಮ್ಯಾಟರ್‌ಹಾರ್ನ್ ಶಿಖರ ಆ ಕಡೆಗೇ ಇದೆ.

ತುದಿಯಲ್ಲಿ ಗೋರ್ನರ್ ಹಿಮನದಿಯೂ ಮೊಂಟೆ ರೋಸಾ ಪರ್ವತಸಾಲೂ ಎದುರಿಗೇ ಹರಡಿಕೊಂಡಿವೆ. ಆದರೂ ನನಗೆ ಹೆಚ್ಚು ಹಿಡಿಸಿದ್ದು ಅದಕ್ಕಿಂತ ಒಂದು ನಿಲ್ದಾಣ ಕೆಳಗಿರುವ ರೋಟೆನ್‌ಬೋಡೆನ್. ಅಲ್ಲಿ ಇಳಿದು ನಿಂತರೆ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಜೋಡಿ ಪಟ್ಟಿ ಕಾಣುತ್ತದೆ. ಒಂದು ಪಟ್ಟಿಯ ಹಲ್ಲಿರುವಲ್ಲಿ ಇನ್ನೊಂದರಲ್ಲಿ ಸಂದು ಇರುವಂತೆ ಜೋಡಿಸಿರುವುದರಿಂದ, ಗಾಡಿಯ ಹಲ್ಲುಚಕ್ರ ಕಡಿದಾದ ಏರಿನಲ್ಲಿಯೂ ಹಿಡಿತ ಬಿಡುವುದಿಲ್ಲ. ಇಳಿಯುವ ಗಾಡಿ ಬ್ರೇಕ್ ಹಾಕುವಾಗ ಹುಟ್ಟುವ ವಿದ್ಯುತ್ತು ಮರಳಿ ತಂತಿಗೆ ಸೇರುವ ವ್ಯವಸ್ಥೆಯಂತೂ ನಿಜಕ್ಕೂ ಮೆಚ್ಚತಕ್ಕದ್ದು. ನಿಲ್ದಾಣದಿಂದ ಸ್ವಲ್ಪ ಕೆಳಗೆ ನಡೆದರೆ ರಿಫೆಲ್‌ಜೇ ಎಂಬ ಪುಟ್ಟ ಕೆರೆಯಿದೆ. ಗಾಳಿಯಿಲ್ಲದಾಗ ಮ್ಯಾಟರ್‌ಹಾರ್ನ್ ಅದರಲ್ಲಿ ತಲೆಕೆಳಗಾಗಿ ಮೂಡುತ್ತದೆ.

ಇದಕ್ಕೆಲ್ಲ ಸಮಯ ಬೇಕು. ನಮ್ಮನ್ನು ಕರೆದೊಯ್ದ ಪ್ರವಾಸ ಸಂಸ್ಥೆಯವರು ತುದಿಯಲ್ಲಿ ಫೋಟೊ ತೆಗೆಸಿ ಕೂಡಲೇ ಕೆಳಗಿಳಿಸಲು ಅವಸರಪಡಿಸಿದರು. ಅಷ್ಟು ಹಣ ಕೊಟ್ಟು ಬಂದವರಿಗೆ ಇದು ಅನ್ಯಾಯ. ಹಣ ಕಟ್ಟುವ ಮುಂಚೆಯೇ ಮೇಲೆ ಎಷ್ಟು ಹೊತ್ತು ಬಿಡುತ್ತಾರೆಂದು ಕೇಳಿ ಬರೆಸಿಕೊಳ್ಳಿರಿ. ಟಿಕೆಟ್ ದರ ಬೇಸಿಗೆಯಲ್ಲಿ ಏರುತ್ತದೆ, ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಅರ್ಧ ದರ.

ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ನಮ್ಮೂರಿನವರಿಗೆ ಅಲ್ಲಿ ನಾಲ್ಕು ಹೆಜ್ಜೆಗೇ ಏದುಸಿರು ಬರಬಹುದು. ಹಿರಿಯರನ್ನು ನಿಧಾನವಾಗಿ ನಡೆಸಿರಿ. ಹೃದಯದ ತೊಂದರೆ ಇದ್ದವರು ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ. ಊರಲ್ಲಿ ಮೇ ತಿಂಗಳ ಉರಿಬಿಸಿಲಿದ್ದರೂ ಸ್ವೆಟರ್ ಬಿಡಬೇಡಿರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಕೆರೆಯ ದಂಡೆಯಲ್ಲಿಯೇ ಊಟ ಮುಗಿಸಿ, ರಿಫೆಲ್‌ಬರ್ಗ್‌ವರೆಗೆ ಇಳಿಜಾರಿನಲ್ಲಿ ನಡೆದು, ಅಲ್ಲಿಂದ ಮತ್ತೆ ರೈಲು ಹತ್ತಬಹುದು.