ಐವತ್ತು ರೂಪಾಯಿಯ ಸೇವೆ, ಮತ ಕೇಳಲು ಬಂದವರಿಗೆ ಒಂದು ಪ್ರಶ್ನೆ

ಕಾಸರಗೋಡಿನ ಗಡಿಭಾಗದ ನಮ್ಮ ಪಂಚಾಯತಿನಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮಸೇನೆಯ ಸೇವೆಯನ್ನು ಮೂರು ವರ್ಷಗಳಿಂದ ಪಡೆಯುತ್ತಿದ್ದೇನೆ. ತಿಂಗಳಿಗೊಮ್ಮೆ ಹಸಿರು ಮೇಲಂಗಿ ತೊಟ್ಟ ಇಬ್ಬರು ಮಹಿಳೆಯರು ಬಂದು, ಬಾಗಿಲ ಬಳಿಯ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ, ತೊಳೆದು ಒಣಗಿಸಿಟ್ಟ ಹಾಲಿನ ತೊಟ್ಟೆಗಳನ್ನೂ ಎಣ್ಣೆಯ ಪ್ಯಾಕೆಟುಗಳನ್ನೂ ಗೋಣಿಗೆ ತುಂಬಿಕೊಂಡು, 50 ರೂಪಾಯಿಗೆ ರಶೀದಿ ಕೊಟ್ಟು ಹೋಗುತ್ತಾರೆ. ಹಿಂದೆ ಇವೆಲ್ಲ ನಮ್ಮ ಬಚ್ಚಲ ಒಲೆಗೆ ಹೋಗುತ್ತಿದ್ದವು. ಆ ಹೊಗೆ ಕುಡಿದವರು ನಾವೇ ಆದ್ದರಿಂದ, ಈ ಶುಲ್ಕ ದುಬಾರಿಯೆಂದು ಗೊಣಗುವ ನೆರೆಯವರ ಮಾತನ್ನು ನಾನು ಒಪ್ಪುವುದಿಲ್ಲ.

ಕೊರತೆಯಿರುವುದು ಗೋಣಿ ಗೇಟು ದಾಟಿದ ಮೇಲೆ. ಕಳೆದ ಮಳೆಗಾಲದಲ್ಲಿ ಸಾಗಿಸಬೇಕಾದ ಲಾರಿ ಬಾರದೆ, ತುಂಬಿದ ಗೋಣಿಗಳು ಬಸ್ ತಂಗುದಾಣದ ಹಿಂದೆ ವಾರಗಟ್ಟಲೆ ನೆನೆದವು. ನಾವು ತೊಳೆದು ಕೊಟ್ಟದ್ದೆಲ್ಲ ಮತ್ತೆ ಕೆಸರಾಯಿತು. ಇದಕ್ಕೆ ಆ ಮಹಿಳೆಯರನ್ನು ದೂರುವುದು ಅನ್ಯಾಯ. ಸೂರು ಮತ್ತು ವಾಹನ ಒದಗಿಸಬೇಕಾದುದು ಚುನಾಯಿತ ಆಡಳಿತ ಸಮಿತಿ. ಗಾಜು, ಚಪ್ಪಲಿಗಳನ್ನು ಯಾವ ತಿಂಗಳು ಒಯ್ಯುತ್ತಾರೆಂಬ ಚೀಟಿಯೂ ಮಲೆಯಾಳದಲ್ಲಷ್ಟೇ ಇತ್ತು. ನಮ್ಮತ್ತೆ ಒಡೆದ ಬಾಟಲಿಗಳನ್ನು ಕೊಟ್ಟಿಗೆಯ ಮೂಲೆಯಲ್ಲಿ ಕೂಡಿಟ್ಟು ಎರಡು ತಿಂಗಳು ಕಾದರು.

2025ರ ಡಿಸೆಂಬರಿನ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಮತ ಕೇಳಲು ಬಂದ ಮೂವರಿಗೂ ನಾನು ಕೇಳಿದ್ದು ಒಂದೇ: ನಮ್ಮ ವಾರ್ಡಿನ ಗೋಣಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಮೂವರೂ ನಿರರ್ಗಳವಾಗಿ ಮಾತನಾಡಿದರು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿಸಿಕೊಂಡ ಸೀಮೆಯಲ್ಲಿ ಆ ಮಾತಿಗೆ ಎದುರಾಡುವವರಿಲ್ಲ. ಹಾಗಾಗಿಯೇ ಅಭ್ಯರ್ಥಿಗಳನ್ನು ಬೇರ್ಪಡಿಸಿ ನೋಡಲು ಅದು ನೆರವಾಗುವುದಿಲ್ಲ. ಒಬ್ಬರು ಮಾತ್ರ ಸಂಗ್ರಹ ಕೇಂದ್ರವನ್ನು ಕಣ್ಣಾರೆ ಕಂಡು ಬಂದಿದ್ದು, ಅಲ್ಲಿ ಜಾಗ ಸಾಲದೆಂದು ಒಪ್ಪಿಕೊಂಡರು. ನನ್ನ ಮತ ಅವರಿಗೆ ಹೋಯಿತು.

ಕೊಚ್ಚಿಯಲ್ಲಿರುವ ಭಾವನ ಮಗ ಯಾರಿಗೆ ಮತ ಹಾಕಲೆಂದು ಕೇಳಿದಾಗಲೂ ಇದನ್ನೇ ಹೇಳಿದೆ. ಕೇರಳದ ಮಹಾನಗರಗಳಲ್ಲಿ ಮೇಯರನ್ನು ಆರಿಸುವವರು ಗೆದ್ದು ಬಂದ ಕೌನ್ಸಿಲರುಗಳೇ ಹೊರತು ಮತದಾರರಲ್ಲ. ಪರಿಸರದ ಕಾಳಜಿಯುಳ್ಳ ಮೇಯರ್ ಬೇಕೆನ್ನುವವರು ತಮ್ಮ ವಾರ್ಡಿನ ಅಭ್ಯರ್ಥಿಯನ್ನೇ ಹಿಡಿದು ಕೇಳಬೇಕು. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಹತ್ತಿ, ಹತ್ತು ದಿನಗಳಿಗೂ ಮಿಕ್ಕಿ ಆ ಹೊಗೆ ಕುಡಿದವನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ನಾನು ಮತ ಕೊಟ್ಟವರು ಗೆಲ್ಲಲಿಲ್ಲ. ಗೆದ್ದವರ ಮುಂದೆ ಅದೇ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಇಟ್ಟಿದ್ದೇನೆ. ಸದ್ಯಕ್ಕೆ ಈ ಸೇವೆಗೆ ಐದರಲ್ಲಿ ಮೂರು ಅಂಕ. ಗೋಣಿಗಳಿಗೆ ಸೂರು ಬಂದ ದಿನ ಇನ್ನೊಂದನ್ನು ಸೇರಿಸುವೆ.