ಬೆಕ್ಕಿಗೆ ಮರಳುಗುಂಡಿಯೋ, ಅಂಗಡಿಯ ಲಿಟರೋ? ಒಂದು ಮಳೆಗಾಲ ನೋಡಿದ ಮೇಲೆ

ಬೆಕ್ಕು ಕಕ್ಕ, ಮೂತ್ರಕ್ಕೆ ಹೋಗಲು ಮರಳುಗುಂಡಿ ಒಳ್ಳೆಯದೋ, ಅಂಗಡಿಯಲ್ಲಿ ಸಿಗುವ ಲಿಟರ್, ಅಂದರೆ ಟ್ರೇಯಲ್ಲಿ ಹರಡುವ ಪುಡಿ, ಒಳ್ಳೆಯದೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮರಳುಗುಂಡಿಗೆ. ಅದೂ ಮೇಲೊಂದು ಮಾಡು ಇರುವ ಮರಳುಗುಂಡಿಗೆ. ಬೇರೆ ನಾಲ್ಕೈದು ಉಪಾಯಕ್ಕೆ ದುಡ್ಡು ಹಾಕಿ, ಒಂದು ಇಡೀ ಮಳೆಗಾಲ ಒದ್ದಾಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕರಿಯ, ಬೆಳ್ಳಿ ಅಂತ ಎರಡು ಬೆಕ್ಕು. ಪಕ್ಕದ ಮನೆಯ ಹಳದಿ ಗಂಡು ಬೆಕ್ಕು ಪಾಗಾರ ಹಾರಿ ದಿನಾ ಬರುತ್ತದೆ. ಮೂರೂ ಹೊರಗೆ ತಿರುಗಾಡಿಕೊಂಡಿರುವಂಥವು. ಎಲ್ಲಿ ಹೋಗುತ್ತವೆ ಅಂತ ನಾವು ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಅಮ್ಮ ಹಿತ್ತಲಲ್ಲಿ ಹರಿವೆ ಮಡಿ ಮಾಡಿದರು. ಅಗೆದು, ಹೆಂಟೆ ಒಡೆದು, ಗೊಬ್ಬರ ಸೇರಿಸಿ ಮಣ್ಣನ್ನು ಹಿಟ್ಟಿನ ಹಾಗೆ ಮಾಡಿದ್ದರು. ಬೆಕ್ಕಿಗೆ ಬೇಕಾದದ್ದೂ ಅದೇ. ಒಂದು ಸಂಜೆ ಅಮ್ಮ ಸೊಪ್ಪು ಕೀಳಲು ಬುಡಕ್ಕೆ ಕೈ ಹಾಕಿದರೆ ಬೆರಳಿಗೆ ಮೆತ್ತಗೆ ತಾಗಿತು. ಆ ದಿನ ಸೊಪ್ಪು ಒಳಗೆ ಬರಲಿಲ್ಲ.

ಅದೇ ಹೊತ್ತಿಗೆ ತಂಗಿ ಹೆರಿಗೆಗೆ ಬಂದಿದ್ದಳು. ಬೆಕ್ಕಿನ ಕಕ್ಕದಲ್ಲಿ ಟೊಕ್ಸೊಪ್ಲಾಸ್ಮಾ ಅನ್ನುವ ಪರಜೀವಿ ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ತೊಂದರೆ ಆಗಬಹುದು. ಎಲ್ಲ ಬೆಕ್ಕಿನಲ್ಲೂ ಇರುವುದಿಲ್ಲ. ಇದ್ದರೂ ಹೊರಗೆ ಬಿದ್ದ ಮೇಲೆ ಅದು ಅಂಟುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಅಂದರೆ ದಿನಾ ಎತ್ತಿ ತೆಗೆದರೆ ಭಯ ತುಂಬ ಕಡಿಮೆ. ಆದರೆ ಹಿತ್ತಲಲ್ಲಿ ಎಲ್ಲೆಲ್ಲೋ ಹೂತಿಟ್ಟದ್ದನ್ನು ದಿನಾ ಹುಡುಕುವುದು ಹೇಗೆ? ಮೂರೂ ಒಂದೇ ಜಾಗಕ್ಕೆ ಹೋಗಬೇಕು. ನನಗೆ ಬೇಕಾದದ್ದು ಇಷ್ಟೇ.

ಎಲ್ಲರೂ ಹೇಳುವ ಹಾಗೆ ಮೊದಲು ಓಡಿಸಲು ನೋಡಿದೆ. ಕಿತ್ತಳೆ ಸಿಪ್ಪೆ ಎರಡು ದಿನ ಕೆಲಸ ಮಾಡಿತು. ಕಾಫಿ ಪುಡಿ ಒಂದು ಮಳೆಗೆ ಹೋಯಿತು. ಶಬ್ದ ಮಾಡುವ ಸೋಲಾರ್ ಯಂತ್ರಕ್ಕೆ ಬೆಕ್ಕುಗಳು ಮೂರನೇ ದಿನಕ್ಕೆ ಹೊಂದಿಕೊಂಡವು. ನುಸಿಗುಳಿಗೆ ಹಾಕಿ, ಫಿನಾಯಿಲ್ ಸುರಿಯಿರಿ ಅಂತ ಸುಮಾರು ಜನ ಹೇಳಿದರು. ದಯವಿಟ್ಟು ಅದನ್ನು ಮಾಡಬೇಡಿ. ನುಸಿಗುಳಿಗೆಯ ನ್ಯಾಫ್ತಲಿನ್ ಬೆಕ್ಕಿಗೆ ವಿಷ. ಫಿನಾಲ್ ಇರುವ ಕಪ್ಪು ಫಿನಾಯಿಲ್ ಅಂತೂ ಇನ್ನೂ ಕೆಟ್ಟದ್ದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಕಾಲಿಗೆ ಹತ್ತಿದ್ದನ್ನು ಅದು ನೆಕ್ಕಿಯೇ ತೀರುತ್ತದೆ, ಅಲ್ವಾ?

ಮಡಿಯ ಮೇಲೆ ಹಳೇ ಮೀನುಬಲೆ ಹಾಸಿದ್ದು ನನ್ನದೇ ತಪ್ಪು. ಬೈತಕೋಲದ ಮೀನುಗಾರಿಕೆ ಬಂದರಿನಿಂದ ಪುಕ್ಕಟೆ ಸಿಕ್ಕಿತ್ತು. ರಾತ್ರಿ ಬೆಳ್ಳಿಯ ಹಿಂಗಾಲು ಅದರಲ್ಲಿ ಸಿಕ್ಕಿಕೊಂಡಿತು. ಕತ್ತರಿಯಲ್ಲಿ ಒಂದೊಂದೇ ನೂಲು ಕತ್ತರಿಸುವಾಗ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿದ್ದದ್ದು ನನ್ನ ಅಂಗೈಗೆ ತಿಳಿಯುತ್ತಿತ್ತು. ಬಲೆ ಅವತ್ತೇ ತೆಗೆದೆ. ಈಗ ಗಟ್ಟಿ ಪ್ಲಾಸ್ಟಿಕ್ ಜಾಳಿಗೆಯನ್ನು ಬಿಗಿಯಾಗಿ ಎಳೆದು ನಾಲ್ಕು ಕಡೆ ಕಲ್ಲಿಟ್ಟಿದ್ದೇನೆ. ಹರಿವೆ ಅದರ ಕಣ್ಣಿನೊಳಗಿಂದ ಮೇಲೆ ಬರುತ್ತದೆ. ತಂತಿಯ ಜಾಳಿಗೆ ನಮ್ಮ ಸಮುದ್ರದ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಇನ್ನು ಲಿಟರ್. ಆನ್‌ಲೈನ್‌ನಲ್ಲಿ 5 ಕಿಲೋ ಬೆಂಟೊನೈಟ್ ಚೀಲ ತರಿಸಿದೆ, 400 ರೂಪಾಯಿ ಹತ್ತಿರ ಬಿತ್ತು. ಬೆಂಟೊನೈಟ್ ಅಂದರೆ ನೀರು ಕುಡಿದು ಉಬ್ಬುವ ಒಂದು ಜೇಡಿಮಣ್ಣು. ಮೂತ್ರ ಬಿದ್ದಲ್ಲಿ ಉಂಡೆ ಕಟ್ಟುತ್ತದೆ, ಆ ಉಂಡೆ ಎತ್ತಿ ಬಿಸಾಡಿದರಾಯಿತು. ಜಗಲಿಯ ಕೆಳಗೆ ಟ್ರೇ ಇಟ್ಟೆ. ಏಪ್ರಿಲ್, ಮೇ ಎರಡು ತಿಂಗಳೂ ಚೆಂದ ನಡೆಯಿತು. ವಾಸನೆ ಇಲ್ಲ, ಎತ್ತುವುದು ಸುಲಭ. ಸಮಸ್ಯೆ ಮುಗಿಯಿತು ಅಂದುಕೊಂಡಿದ್ದೆ.

ಜೂನ್ ಬಂತು. ನಮ್ಮ ಮಳೆ ನಿಮಗೆ ಗೊತ್ತಲ್ಲ, ಮೇಲಿಂದ ಮಾತ್ರ ಬರುವುದಿಲ್ಲ, ಪಡುವಣ ಗಾಳಿಗೆ ಅಡ್ಡಡ್ಡ ಬರುತ್ತದೆ. ಇರಿಚಲು ಟ್ರೇಯವರೆಗೂ ಬಂತು. ಇರಿಚಲು ಇಲ್ಲದ ದಿನವೂ ಬೆಕ್ಕು ಒದ್ದೆ ಕಾಲಲ್ಲಿ ಬಂದು ಅದರೊಳಗೆ ಇಳಿಯುತ್ತದೆ. ಆ ಪುಡಿಗೆ ಯಾವ ನೀರಾದರೂ ಒಂದೇ. ವಾರದೊಳಗೆ ಟ್ರೇಯಲ್ಲಿ ಉಂಡೆ ಇಲ್ಲ, ಬರೀ ಅಂಟು. ತಳಕ್ಕೆ ಸಿಮೆಂಟಿನ ಹಾಗೆ ಹಿಡಿದಿತ್ತು. ಬೆಳ್ಳಿಯ ಕಾಲಬೆರಳುಗಳ ಸಂದಿಯಲ್ಲಿ ಜೇಡಿ ಒಣಗಿ ಗಟ್ಟಿಯಾಗಿ, ಅದು ಕೂತು ಕೂತು ಹಲ್ಲಲ್ಲಿ ಕೀಳುತ್ತಿತ್ತು. ಜಗಲಿಯ ಕೆಂಪು ನೆಲದ ತುಂಬ ಬೂದು ಹೆಜ್ಜೆ. ತಂಗಿ ಜಾರಿ ಬಿದ್ದಾಳು ಅಂತ ಅಮ್ಮ ದಿನಕ್ಕೆ ಮೂರು ಸಲ ಒರೆಸುತ್ತಿದ್ದರು.

ಟ್ರೇ ತೊಳೆದದ್ದು ಇನ್ನೂ ದೊಡ್ಡ ಪಜೀತಿ. ಹಿತ್ತಲ ಗಟಾರಕ್ಕೆ ಆ ನೀರು ಬಿಟ್ಟೆ. ಎರಡು ಮೂರು ಸಲ ಬಿಟ್ಟಿರಬೇಕು. ಜೇಡಿ ಗಟಾರದ ತಿರುವಿನಲ್ಲಿ ಕೂತು, ಉಬ್ಬಿ, ಅದಕ್ಕೆ ತೆಂಗಿನ ನಾರು, ಮಾವಿನೆಲೆ ಸೇರಿಕೊಂಡಿತು. ಜುಲೈಯಲ್ಲಿ ಒಂದು ರಾತ್ರಿ ಧೋ ಅಂತ ಮಳೆ ಹೊಡೆದಾಗ ನೀರು ಹಿಂದಕ್ಕೆ ಹೊರಳಿ ತುಳಸಿಕಟ್ಟೆಯವರೆಗೆ ಬಂತು. ಬೆಳಿಗ್ಗೆ ಕೊಪ್ಪೆ ಹೊದ್ದು, ತೆಂಗಿನ ಗೆರಟೆಯಲ್ಲಿ ಆ ಜೇಡಿ ಕೆರೆದು ತೆಗೆಯಲು ಎರಡು ತಾಸು ಬೇಕಾಯಿತು. ಲಿಟರ್ ಬಳಸುವವರಿಗೆ ನನ್ನದೊಂದೇ ಮಾತು, ಅದನ್ನು ಯಾವ ಕೊಳವೆಗೂ, ಯಾವ ಗಟಾರಕ್ಕೂ ಬಿಡಬೇಡಿ.

ಖರ್ಚೂ ಕಡಿಮೆ ಅಲ್ಲ. ಮೂರು ಬೆಕ್ಕಿಗೆ ಒಂದು ಚೀಲ ಹತ್ತು ದಿನ ಬಂದರೆ ಜಾಸ್ತಿ. ತಿಂಗಳಿಗೆ 1200 ರೂಪಾಯಿ ನಮ್ಮಂಥವರಿಗೆ ಕಷ್ಟ. ಫ್ಲ್ಯಾಟಿನೊಳಗೆ ಸಾಕುವವರಿಗೆ ಅದು ಒಳ್ಳೆಯದೇ ಇರಬಹುದು.

ಮರಳುಗುಂಡಿ ಹುಟ್ಟಿದ್ದು ಆ ಗಟಾರದ ದಿನವೇ. ಮನೆ ಕೆಲಸದಲ್ಲಿ ಉಳಿದ ಹೊಯ್ಗೆ ಒಂದು ಮೂಲೆಯಲ್ಲಿತ್ತು. ಹಿತ್ತಲ ಕೊನೆಗೆ, ಬಾವಿಯಿಂದ ದೂರ, ಚಿರೇಕಲ್ಲು ಒಂದು ಸುತ್ತು ಇಟ್ಟು ಮೂರು ಅಡಿ ಉದ್ದ, ಎರಡು ಅಡಿ ಅಗಲದ ಗುಂಡಿ ಮಾಡಿದೆ. ತಳಕ್ಕೆ ಜಲ್ಲಿ, ಮೇಲೆ ಜರಡಿ ಹಿಡಿದ ಹೊಯ್ಗೆ ಎಂಟು ಇಂಚು. ಕಡಲ ದಂಡೆಯ ಮರಳು ತರಬೇಡಿ. ತರುವ ಹಾಗೂ ಇಲ್ಲ, ಉಪ್ಪಿನ ಅಂಶ ಗಾಳಿಯ ನೀರು ಎಳೆದುಕೊಂಡು ಅದು ಒಣಗುವುದೂ ಇಲ್ಲ.

ಮೊದಲ ಮಳೆಗೇ ಮರಳು ಗಟ್ಟಿಯಾಗಿ ಕೂತಿತು, ಬೆಕ್ಕುಗಳು ಮೂಸಿ ಹೋದವು. ಆಗ ನಾಲ್ಕು ಗೂಟ ನೆಟ್ಟು ಹಳೇ ತಗಡು ಹಾಕಿದೆ, ಪಡುವಣ ಬದಿಗೆ ಹೆಣೆದ ತೆಂಗಿನ ಗರಿಯ ಮಡ್ಲು ಕಟ್ಟಿದೆ. ಉಳಿದ ಕಡೆ ತೆರೆದೇ ಇದೆ. ತಪ್ಪಿಸಿಕೊಳ್ಳಲು ದಾರಿ ಕಾಣದಿದ್ದರೆ ಬೆಕ್ಕು ಒಳಗೆ ಹೋಗಲು ಹಿಂಜರಿಯುತ್ತದೆ. ಹರಿವೆ ಮಡಿಯಿಂದ ಒಂದು ದಿನದ ಕಕ್ಕವನ್ನು ಮಣ್ಣಿನ ಸಮೇತ ಎತ್ತಿ ಆ ಮರಳಲ್ಲಿ ಹೂತೆ. ಮಡಿಗೆ ಜಾಳಿಗೆ ಬಿಗಿದದ್ದೂ ಆ ದಿನವೇ. ಎರಡೂ ಒಟ್ಟಿಗೇ ಆಗಬೇಕು.

ಮೂರನೇ ದಿನ ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಕರಿಯ ಬಂದ. ಮೂಗು ಮರಳಿಗೆ ತಾಗಿಸಿ ಮೂಸಿದ. ಬಲಗಾಲಲ್ಲಿ ಎರಡು ಸಲ ಕೆರೆದ, ತಿರುಗಿದ, ಮತ್ತೆ ಕೆರೆದ. ಮರಳು ಕುಸಿಯದೆ ಗುಳಿ ನಿಂತಿತು. ಕಿವಿ ಪಕ್ಕಕ್ಕೆ ಮಾಡಿ, ಬಾಲ ಎತ್ತಿ ಕೂತ. ತಗಡಿನ ಮೇಲೆ ಮಳೆ ಬಡಿಯುತ್ತಲೇ ಇತ್ತು. ಮುಗಿಸಿ, ಮುಚ್ಚಿ, ಇನ್ನೊಮ್ಮೆ ಮೂಸಿ ನೋಡಿ ಹೋದ. ನಾನು ಅಮ್ಮನನ್ನು ಕೂಗಿ ಕರೆದು ತೋರಿಸಿದೆ.

ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಕೈಗವಸು ಹಾಕಿಕೊಂಡು ಎತ್ತುತ್ತೇನೆ, ಬಾವಿಯಿಂದ ದೂರ ಒಂದಡಿ ಆಳದಲ್ಲಿ ಹೂಳುತ್ತೇನೆ. ತರಕಾರಿ ಗೊಬ್ಬರಕ್ಕೆ ಹಾಕುವುದಿಲ್ಲ. ಐದು ನಿಮಿಷದ ಕೆಲಸ. ನಾನು ಬೇಗ ಏಳುವವ, ನನಗೆ ಇದು ಭಾರ ಅಲ್ಲ. ಬೆಳಿಗ್ಗೆ ಓಡುವ ಗಡಿಬಿಡಿ ಇರುವವರು ಯೋಚನೆ ಮಾಡಿ. ಎರಡು ದಿನ ಬಿಟ್ಟರೆ ಬೆಕ್ಕು ಮತ್ತೆ ಬೇರೆ ಜಾಗ ಹುಡುಕುತ್ತದೆ. ದುಡ್ಡು ಒಟ್ಟು 350 ರೂಪಾಯಿ ಆಯಿತು, ಗೂಟ ಮತ್ತು ಮೊಳೆಗೆ.

ಹಳದಿ ಗಂಡು ಬೆಕ್ಕು ಗೋಡೆಗೆ ಮೂತ್ರ ಚಿಮುಕಿಸುವುದಕ್ಕೆ ಮಾತ್ರ ಮರಳಿನಿಂದ ಉಪಯೋಗ ಇಲ್ಲ. ಅದು ಗಡಿ ಗುರುತು ಹಾಕುವ ಚಟ. ಪಕ್ಕದ ಮನೆಯವರು ಸಂತಾನಹರಣ ಮಾಡಿಸಿದ ಮೇಲೆ ಕೆಲವು ವಾರದಲ್ಲಿ ನಿಂತಿತು. ಅಲ್ಲಿಯವರೆಗೆ ಸೋಪಿನ ನೀರಲ್ಲಿ ತೊಳೆದೆ. ಮೂತ್ರದ ಮೇಲೆ ಬ್ಲೀಚಿಂಗ್ ಪುಡಿ ಹಾಕಿದರೆ ಕೆಟ್ಟ ಅನಿಲ ಏಳುತ್ತದೆ.

ತಂಗಿಯ ಮಗಳು ಈಗ ಅಂಗಳದಲ್ಲಿ ಅಂಬೆಗಾಲಿಡುತ್ತಾಳೆ. ಪಡುವಣ ಬದಿಯ ಮಡ್ಲಿಗೆ ಗೆದ್ದಲು ಹಿಡಿದಿದೆ, ಜೂನಿಗೆ ಮೊದಲು ಹೊಸದು ಹೆಣೆಸಬೇಕು.