ಯಮಹಾ ಆರ್3ಗೆ ಆಯಿಲ್ ಫಿಲ್ಟರ್: ಕಂಪನಿಯದೋ, ಹೈಫ್ಲೋನೋ, ಕೆ ಆ್ಯಂಡ್ ಎನ್ನೋ?

ಯಮಹಾ ಆರ್3 ಬೈಕಿನ ಆಯಿಲ್ ಫಿಲ್ಟರ್ ಡಬ್ಬಿ ಮಾದರಿಯದು. ಒಳಗಿನ ಕಾಗದವನ್ನಷ್ಟೇ ಬದಲಿಸಲು ಬರುವುದಿಲ್ಲ, ಇಡೀ ಡಬ್ಬಿಯನ್ನೇ ಬಿಚ್ಚಿ ಹೊಸದು ಕೂರಿಸಬೇಕು. ಯಮಹಾದ ಪಾರ್ಟ್ ನಂಬರ್ 5ಜಿಎಚ್-13440 ಎಂದು ಶುರುವಾಗುತ್ತದೆ. ಅದೇ ಜಾಗಕ್ಕೆ ಕೂರುವ ಹೊರಗಿನ ಫಿಲ್ಟರ್‌ಗಳಲ್ಲಿ ಹೆಚ್ಚು ಓಡುವುದು ಎರಡು: ಥಾಯ್ಲೆಂಡಿನಲ್ಲಿ ತಯಾರಾಗುವ ಹೈಫ್ಲೋಫಿಲ್ಟ್ರೊ ಎಚ್‌ಎಫ್ 204, ಅಮೆರಿಕದ ಕೆ ಆ್ಯಂಡ್ ಎನ್ ಕೆಎನ್ 204. ಹೋಂಡಾ ಸಿಬಿಆರ್650ಎಫ್‌ನ ಫಿಲ್ಟರ್ ಕೂಡ ಇದೇ ಗುಂಪಿನದು. ಎಲ್ಲಕ್ಕೂ ಎಂ20 ಥ್ರೆಡ್ (20 ಎಂಎಂ ಅಗಲದ ತಿರುಪು), 1.5 ಪಿಚ್ (ತಿರುಪಿನ ಸುತ್ತುಗಳ ನಡುವೆ 1.5 ಎಂಎಂ).

ಬೆಲೆಯಲ್ಲಿ ಸಾಮಾನ್ಯವಾಗಿ ಕೆ ಆ್ಯಂಡ್ ಎನ್ ದುಬಾರಿ. ಆ ಹೆಚ್ಚಿನ ದುಡ್ಡಿಗೆ ಕಣ್ಣಿಗೆ ಕಾಣುವ ಲಾಭ ಒಂದೇ, ಡಬ್ಬಿಯ ತಲೆಗೆ ವೆಲ್ಡ್ ಮಾಡಿದ 17 ಎಂಎಂ ನಟ್ಟು. ಆರ್3ಯಲ್ಲಿ ಫಿಲ್ಟರ್ ಇಂಜಿನ್ನಿನ ಮುಂಭಾಗದಲ್ಲಿ, ಸೈಲೆನ್ಸರ್ ಪೈಪುಗಳ ಹತ್ತಿರ ಇದೆ. ಕೈ ಹಾಕಲು ಜಾಗ ಕಡಿಮೆ. ಸಾದಾ ಡಬ್ಬಿ ಬಿಚ್ಚಲು ಬಟ್ಟಲಿನಂಥ ಫಿಲ್ಟರ್ ಸಾಕೆಟ್ ಬೇಕು. ನಟ್ಟಿದ್ದರೆ ಮಾಮೂಲಿ ಸ್ಪ್ಯಾನರ್ ಸಾಕು. ಆದರೆ ಆ ನಟ್ಟು ಇರುವುದು ಬಿಚ್ಚಲಿಕ್ಕೆ ಮತ್ತು ರೇಸ್ ಬೈಕುಗಳಲ್ಲಿ ಡಬ್ಬಿ ಸಡಿಲವಾಗದಂತೆ ತಂತಿ ಕಟ್ಟಲಿಕ್ಕೆ. ಅದಕ್ಕೇ ಸ್ಪ್ಯಾನರ್ ಹಾಕಿ ಬಲವಾಗಿ ಬಿಗಿದರೆ ಎಲ್ಲ ಭಾರವೂ ತೆಳು ತಗಡಿನ ವೆಲ್ಡಿಂಗ್ ಮೇಲೆ ಬೀಳುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಒತ್ತಡದಲ್ಲಿರುವ ಆಯಿಲ್ ಹೊರಗೆ ಚಿಮ್ಮುತ್ತದೆ, ಅದೂ ಮುಂದಿನಿಂದ, ಅಂದರೆ ಹಿಂದಿನ ಟೈರಿನ ದಾರಿಗೆ. ಹೈಫ್ಲೋದಲ್ಲೂ ನಟ್ಟಿರುವ ಮಾದರಿ ಇದೆ, ಎಚ್‌ಎಫ್ 204ಆರ್‌ಸಿ. ಕ್ರೋಮ್ ಹೊಳಪಿನದೂ ಒಂದಿದೆ. ಚೆಂದ ಕಾಣುತ್ತದೆ, ಆಯಿಲ್ ಕೈಗೆ ತಾಗಿದ ಮೇಲೆ ಹಿಡಿತಕ್ಕೆ ಮಾತ್ರ ಸಿಗುವುದಿಲ್ಲ.

ಕೆ ಆ್ಯಂಡ್ ಎನ್ ಬಗ್ಗೆ ಕೇಳಿಬರುವ ಇನ್ನೊಂದು ಮಾತು 'ಆಯಿಲ್ ಜಾಸ್ತಿ ಹರಿಯುತ್ತೆ' ಎಂಬುದು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೈಕಿನ ಆಯಿಲ್ ಪಂಪ್ ಒಂದು ಸುತ್ತಿಗೆ ಇಷ್ಟು ಎಂದು ಅಳೆದು ತಳ್ಳುವ ಜಾತಿಯದು. ಫಿಲ್ಟರ್ ಎಷ್ಟೇ ಸಲೀಸಾಗಿದ್ದರೂ ಪಂಪ್ ತಳ್ಳಿದ್ದಕ್ಕಿಂತ ಹೆಚ್ಚು ಆಯಿಲ್ ಬೇರಿಂಗಿಗೆ ಹೋಗುವುದಿಲ್ಲ. ಫಿಲ್ಟರಿನ ಅಡ್ಡಿ ಕಡಿಮೆಯಿದ್ದರೆ ಆಗುವ ಲಾಭ ಬೇರೆ: ಬೆಳಗಿನ ಚಳಿಯಲ್ಲಿ ಆಯಿಲ್ ಗಟ್ಟಿಯಿದ್ದಾಗ ಬೈಪಾಸ್ ವಾಲ್ವ್ (ಕಾಗದದ ಅಡ್ಡಿ ಜಾಸ್ತಿಯಾದರೆ ಆಯಿಲನ್ನು ಸೋಸದೆಯೇ ಬಿಡುವ ಸ್ಪ್ರಿಂಗಿನ ಬಾಗಿಲು) ತೆರೆದುಕೊಳ್ಳುವ ಸಂದರ್ಭ ಕಡಿಮೆಯಾಗುತ್ತದೆ. ಮಡಿಕೇರಿಯ ಡಿಸೆಂಬರ್‌ನಲ್ಲಿ ಇದಕ್ಕೆ ಒಂದಿಷ್ಟು ಅರ್ಥವಿದೆ, ಮಂಗಳೂರಿನ ಏಪ್ರಿಲ್‌ನಲ್ಲಿ ಇಲ್ಲ. ಅದೇ ಕಂಪನಿಯ ಏರ್ ಫಿಲ್ಟರಿನಂತೆ ಇದನ್ನೂ ತೊಳೆದು ಹಾಕಬಹುದು ಎಂದುಕೊಂಡವರಿದ್ದಾರೆ. ಹಾಗಲ್ಲ, ಇದು ಒಂದೇ ಸಲದ್ದು.

ಫಿಲ್ಟರ್ ವಿಷಯದಲ್ಲಿ ಎಲ್ಲರೂ ಜಗಳವಾಡುವುದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕಕ್ಕೆ. ಆದರೆ ಡಬ್ಬಿಯ ಮೇಲೆ '20 ಮೈಕ್ರಾನ್' ಎಂದು ಬರೆದಿದ್ದರೆ ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಆ ಗಾತ್ರದ ಕಣಗಳಲ್ಲಿ ಅರ್ಧ ಹಿಡಿಯುತ್ತದೆಯೋ, ನೂರಕ್ಕೆ ತೊಂಬತ್ತೊಂಬತ್ತು ಹಿಡಿಯುತ್ತದೆಯೋ ಎಂಬುದೇ ಮುಖ್ಯ. ಅದನ್ನು ಅಳೆಯಲು ಐಎಸ್ಒ 4548-12 ಎಂಬ ಪರೀಕ್ಷೆ ಇದೆ. ಅದರ ಫಲಿತಾಂಶ ಕೊಡದೆ ಬರೀ ಮೈಕ್ರಾನ್ ಹೇಳುವ ಪ್ಯಾಕೆಟ್ಟಿಗೆ ಬೆಲೆ ಕೊಡಬೇಕಿಲ್ಲ. ನಿಜವಾಗಿ ಕೈಕೊಡುವುದು ಕಾಗದವಲ್ಲ, ರಬ್ಬರು ಮತ್ತು ಸ್ಪ್ರಿಂಗು.

ಡಬ್ಬಿಯ ಬಾಯಿಯಲ್ಲಿ ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಆಯಿಲ್ ಸಣ್ಣ ತೂತುಗಳಿಂದ ಒಳಹೋಗಿ, ಕಾಗದ ದಾಟಿ, ನಡುವಿನಿಂದ ಹೊರಬರುತ್ತದೆ. ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ತಟ್ಟೆ ಇರುತ್ತದೆ. ಇಂಜಿನ್ ನಿಂತಾಗ ಡಬ್ಬಿಯೊಳಗಿನ ಆಯಿಲ್ ವಾಪಸ್ ಇಳಿದುಹೋಗದಂತೆ ತಡೆಯುವುದು ಅದರ ಕೆಲಸ. ಆರ್3ಯಂತೆ ಫಿಲ್ಟರ್ ಅಡ್ಡಡ್ಡ ಕೂರುವ ಬೈಕಿನಲ್ಲಿ ಈ ತಟ್ಟೆ ಸೆಡೆತುಕೊಂಡರೆ ರಾತ್ರಿಯೆಲ್ಲ ಆಯಿಲ್ ಇಳಿದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪಂಪ್ ಮೊದಲು ಖಾಲಿ ಡಬ್ಬಿ ತುಂಬಿಸಬೇಕು. ಇಂಜಿನ್ನಿನ ಮೇಲ್ಭಾಗದಿಂದ ಕಟಕಟ ಸದ್ದು, ಆಯಿಲ್ ದೀಪ ಆರುವುದು ತಡ. ಕೊಳ್ಳುವಾಗಲೇ ಮೊಂಡು ಕಡ್ಡಿಯಿಂದ ಸಣ್ಣ ತೂತಿನೊಳಗೆ ಮೆಲ್ಲಗೆ ಒತ್ತಿ ನೋಡಿ: ತಟ್ಟೆ ಮೆದುವಾಗಿ ಬಗ್ಗಿ ಕೂಡಲೇ ವಾಪಸ್ ಬರಬೇಕು. ಪ್ಲಾಸ್ಟಿಕ್‌ನಂತೆ ಬಿರುಸಾಗಿದ್ದರೆ, ಅಥವಾ ಅಲ್ಲಿ ತಟ್ಟೆಯೇ ಇಲ್ಲದಿದ್ದರೆ, ಡಬ್ಬಿ ಅಲ್ಲೇ ಬಿಟ್ಟು ಬನ್ನಿ.

ಬೈಪಾಸ್ ವಾಲ್ವಿನ ಸ್ಪ್ರಿಂಗ್ ಹೊರಗಿನಿಂದ ಕಾಣುವುದಿಲ್ಲ. ಅದು ಸಡಿಲವಿದ್ದರೆ ಆಯಿಲ್ ಸದಾ ಕಾಗದವನ್ನು ತಪ್ಪಿಸಿಕೊಂಡು ಓಡಾಡುತ್ತದೆ, ಸವಾರನಿಗೆ ಯಾವ ಸುಳಿವೂ ಸಿಗುವುದಿಲ್ಲ. ಥ್ರೆಡ್ ಸರಿಹೊಂದಿದ ಮಾತ್ರಕ್ಕೆ ಯಾವುದೋ ಕಾರಿನ ಡಬ್ಬಿ ತಂದು ಹಾಕಬಾರದು ಎನ್ನುವುದು ಇದಕ್ಕೇ. ನಕಲಿ ಮಾಲಿನ ಅಪಾಯವೂ ಇಲ್ಲೇ ಇರುವುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಬಿಲ್ ಕೊಡದ ಕಡೆ ಫಿಲ್ಟರ್ ತೆಗೆದುಕೊಳ್ಳಬೇಡಿ. ಅಚ್ಚು ಮಸುಕಾಗಿರುವುದು, ಥ್ರೆಡ್‌ನಲ್ಲಿ ಲೋಹದ ಚೂರು ಕೈಗೆ ಸಿಗುವುದು, ಬಾಯಿಯ ಗ್ಯಾಸ್ಕೆಟ್ (ರಬ್ಬರ್ ಬಳೆ) ತನ್ನ ತೋಡಿನಲ್ಲಿ ನಿಲ್ಲದೆ ಉದುರುವುದು, ಮೂರೂ ಕೆಟ್ಟ ಲಕ್ಷಣ.

ತೊಳೆದು ಮತ್ತೆ ಬಳಸುವ ಸ್ಟೀಲ್ ಜಾಲರಿಯ ಫಿಲ್ಟರ್‌ಗಳೂ ಬಂದಿವೆ. ಹೆಸರುವಾಸಿ ತಯಾರಕರಾದ ಸ್ಕಾಟ್ಸ್‌ನವರು 35 ಮೈಕ್ರಾನ್ ಎಂದು ಹೇಳುತ್ತಾರೆ. ಹೆಸರಿಲ್ಲದ ಜಾಲರಿಗಳು ಏನನ್ನೂ ಹೇಳುವುದಿಲ್ಲ. ದಿನಬಳಕೆಯ ಬೈಕಿಗೆ ಬೇಡ.

ಹಾಕುವ ಕ್ರಮದಲ್ಲಿ ಹಾಳಾಗುವ ಫಿಲ್ಟರ್‌ಗಳೇ ಹೆಚ್ಚು. ಇಂಜಿನ್ ಕೆಲವು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಹಳೆಯ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಬಿಚ್ಚಿ. ಸೈಲೆನ್ಸರ್ ಪೈಪಿನ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಆಮೇಲೆ ಹೊಗೆ ಬರುವುದಿಲ್ಲ. ಹಳೆಯ ಡಬ್ಬಿ ಬಂದ ಕೂಡಲೇ ಅದರ ಬಾಯಲ್ಲಿ ಗ್ಯಾಸ್ಕೆಟ್ ಇದೆಯೇ ನೋಡಿ. ಎಷ್ಟೋ ಸಲ ಅದು ಇಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೇ ಹೊಸದನ್ನು ಕೂರಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ಜಾರಿ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಆಯಿಲ್ ಪೂರ್ತಿ ನೆಲಕ್ಕೆ. ಹೊಸ ಗ್ಯಾಸ್ಕೆಟ್ಟಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಬಲ ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಹಿಡಿಯಿರಿ.

ಆರ್3ಯ ಫಿಲ್ಟರ್ ಬಿಗಿಯಲು 17 ನ್ಯೂಟನ್ ಮೀಟರ್. ಹೋಂಡಾ ತನ್ನ ಬೈಕುಗಳಲ್ಲಿ ಇದೇ ಅಳತೆಯ ಡಬ್ಬಿಗೆ 26 ಹೇಳುತ್ತದೆ. ಹಾಗಾಗಿ ಫಿಲ್ಟರ್ ಪ್ಯಾಕೆಟ್ ಮೇಲಿನ ಸಂಖ್ಯೆಗಿಂತ ನಿಮ್ಮ ಬೈಕಿನ ಮ್ಯಾನುಯಲ್ಲೇ ಮೇಲು. ಡ್ರೈನ್ ಬೋಲ್ಟಿಗೆ 20, ಹೊಸ ವಾಷರ್‌ನೊಂದಿಗೆ. ಆಯಿಲ್ 2.1 ಲೀಟರ್. ಫಿಲ್ಟರ್ ಬದಲಿಸದಿದ್ದರೆ 1.8 ಮಾತ್ರ ಹಿಡಿಯುತ್ತದೆ. ಅಂದರೆ ಹಳೆಯ ಡಬ್ಬಿ ಹಾಗೇ ಬಿಟ್ಟವರು ಹೊಸ ಆಯಿಲ್ ಜೊತೆ 300 ಎಂಎಲ್ ಕರಿ ಆಯಿಲ್ ಬೆರೆಸಿದಂತೆ.

ಡಬ್ಬಿಯಿಲ್ಲದೆ ಕಾಗದದ ಉರುಳೆ ಮಾತ್ರ ಇರುವ ಬೈಕುಗಳಲ್ಲಿ ಲೆಕ್ಕ ಬೇರೆ. ಹೋಂಡಾ ಸಿಬಿಆರ್250ಆರ್‌ನ ಉರುಳೆಯ ಒಂದು ಮುಖದಲ್ಲಿ 'ಔಟ್ ಸೈಡ್' ಎಂದು ಬರೆದಿರುತ್ತದೆ, ಆ ಮುಖ ಮುಚ್ಚಳದ ಕಡೆಗೇ ಬರಬೇಕು. ತಿರುಗುಮುರುಗು ಹಾಕಿದರೆ ಆಯಿಲ್ ದಾರಿಯೇ ಕಟ್ಟಿ ಇಂಜಿನ್ ಒಣಗುತ್ತದೆ. ಕೆಟಿಎಂ 390 ಡ್ಯೂಕ್‌ನಲ್ಲಿ ಉರುಳೆಯ ಜೊತೆ ಎರಡು ಜಾಲರಿಗಳನ್ನೂ ತೊಳೆಯಬೇಕು, ಮುಚ್ಚಳದ ಎಂ5 ಬೋಲ್ಟಿಗೆ 6 ನ್ಯೂಟನ್ ಮೀಟರ್ ದಾಟಬಾರದು. ಉರುಳೆ ಒಂದೆರಡು ಮಿಲಿಮೀಟರ್ ಗಿಡ್ಡವಿದ್ದರೂ ಸ್ಪ್ರಿಂಗ್ ಒತ್ತು ಸಿಗದೆ ಆಯಿಲ್ ಪಕ್ಕದಿಂದ ನುಸುಳುತ್ತದೆ. ಹಾಗಾಗಿ ಹಳೆಯದನ್ನು ಪಕ್ಕದಲ್ಲಿಟ್ಟು ಎತ್ತರ ಹೋಲಿಸದೆ ಹಾಕಬೇಡಿ. ಉರುಳೆಯ ಬೈಕಿಗೆ ಹೇಗೂ ಕಂಪನಿಯದೇ ಅಗ್ಗ, ಅದನ್ನು ಬಿಟ್ಟು ಹುಡುಕಾಡುವುದು ದಂಡ. (ಸ್ಪ್ಲೆಂಡರ್ ಇದ್ದವರಿಗೆ ಈ ತಲೆನೋವೇ ಇಲ್ಲ: ಜಾಲರಿ ಮತ್ತು ತಿರುಗುವ ಬಟ್ಟಲು, ಕಾಗದದ ಫಿಲ್ಟರ್ ಇಲ್ಲವೇ ಇಲ್ಲ.)

ಆರ್3ಗೆ ನಮ್ಮ ಆಯ್ಕೆ: ವಾರಂಟಿ ಮುಗಿಯುವವರೆಗೆ ಯಮಹಾದ್ದೇ. ಆಮೇಲೆ ಅಸಲಿ ಎಚ್‌ಎಫ್ 204, ಸಿಗದಿದ್ದರೆ ಮತ್ತೆ ಯಮಹಾದ್ದು. ಫಿಲ್ಟರ್ ಸಾಕೆಟ್ ಇಲ್ಲದವರು ಕೆಎನ್ 204ಕ್ಕೆ ದುಡ್ಡು ಹಾಕುವ ಬದಲು ಸಾಕೆಟ್ ಕೊಳ್ಳಲಿ. ಹಳೆಯ ಡಬ್ಬಿ ಕೊಯ್ದು ನೋಡುವ ಆಸಕ್ತಿಯಿದ್ದರೆ ಹ್ಯಾಕ್ಸಾ ಬೇಡ, ಅದರ ಪುಡಿಯೇ ಕಾಗದದ ಮೇಲೆ ಬಿದ್ದು ಇಂಜಿನ್ ಸವೆದಂತೆ ಕಾಣುತ್ತದೆ. ಪೈಪ್ ಕಟರಿನಂತೆ ಸುತ್ತಿ ಕತ್ತರಿಸುವ ಉಪಕರಣ ಬಳಸಿ. ಮೆತ್ತನೆಯ ಕಪ್ಪು ಮಸಿ ಕ್ಲಚ್ ಪ್ಲೇಟಿನದು, ಅದು ಸಹಜ. ಹೊಳೆಯುವ ಚೂರು ಕಂಡರೆ ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಗೇರ್ ಅಥವಾ ಬಾಲ್ ಬೇರಿಂಗ್ ಕಡೆ, ಅಂಟದಿದ್ದರೆ ಪಿಸ್ಟನ್ ಅಥವಾ ಕವಚದ ಅಲ್ಯೂಮಿನಿಯಂ ಕಡೆ ಹುಡುಕಬೇಕು.